ಅಟ್ಟಣೆಯಿಂದ ಬಂದ ಕೂಗು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಆ ಕೂಗನ್ನು ಕೇಳಿದ್ದು ನಾನೊಬ್ಬನೇ ಅಲ್ಲ, ಕನ್ನಡದ ಒಂದಕ್ಷರ ಬಾರದ ಪರದೇಶದವನೂ ಕೇಳಿದ್ದಾನೆ. ನನ್ನ ಭ್ರಮೆ ಅಂತ ಮಾತ್ರ ಹೇಳಬೇಡಿ.

ಎರಡು ಸಾವಿರದ ಐದೋ ಆರೋ ಇರಬೇಕು. ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬದ ಫೋಟೊ ತೆಗೆಯಲು ಕೆನಡಾದಿಂದ ಥಾಮಸ್ ಎಂಬಾತ ಬಂದಿದ್ದ. ಹಬ್ಬ ಮುಗಿದದ್ದೇ ಕಾಡಂಚಿನಲ್ಲಿ ಒಂದು ರಾತ್ರಿ ಟೆಂಟ್ ಹಾಕಬೇಕೆಂದು ಹಟ ಹಿಡಿದ. ತಾಳಮಲೆಯಲ್ಲಿ ನಮ್ಮ ಅಕ್ಕನ ಗಂಡ ಸಿದ್ದಪ್ಪ ಭಾವನ ರಾಗಿ ಹೊಲವಿತ್ತು, ಅದರ ಮೇಲ್ಬದಿಯ ಮರದಲ್ಲಿ ಕಾವಲು ಕೂರುವ ಅಟ್ಟಣೆ.

"ನಾ ಮ್ಯಾಗ್ಲ ಅಟ್ಟಣೇಲಿ ಕಾಯ್ತಾ ಇರ್ತೀನಿ. ನೀ ಕರ್ಕೊಂಡ್ ಬಾ ಕಣ್ಲಾ" ಎಂದು ಧೈರ್ಯ ತುಂಬಿದ್ದು ಭಾವನೇ.

ಥಾಮಸ್ ತನ್ನ ದೇಶದ ಕರಡಿಗಳ ನೆನಪಿನಲ್ಲಿ ಊಟದ ಚೀಲವನ್ನು ಪಕ್ಕದ ಮರಕ್ಕೆ ಕಟ್ಟಲು ಹೊರಟ. ನಮ್ಮ ಆನೆಗೆ ಅದು ಕೈಗೆ ಕೊಟ್ಟ ಹಾಗೇ ಎಂದು ನಗುತ್ತಾ ತಡೆದೆ. ಬಾಳೆಹಣ್ಣು, ಬೆಲ್ಲ, ಉಪ್ಪು ಹತ್ತಿರ ಇರಕೂಡದು. ಆನೆ ದಾರಿಗೆ ಅಡ್ಡ ಮಲಗಕೂಡದು. ಫ್ಲಾಶ್ ಹೊಡೆಯಲೇಕೂಡದು. ನನ್ನ ಅರೆಬರೆ ಇಂಗ್ಲಿಷಿಗೆ ಪಾಪ, ಎಲ್ಲಕ್ಕೂ ತಲೆಯಾಡಿಸಿದ.

ನಮ್ಮ ಪದ್ಧತಿಯನ್ನೂ ಹೇಳಿದೆ. ರಾಗಿ ಕಾಯುವವರು ರಾತ್ರಿಯಿಡೀ ಒಬ್ಬರಿಗೊಬ್ಬರು ಕೂಗು ಹಾಕುತ್ತಾರೆ. ಓಗೊಟ್ಟರೆ ಆ ಕಡೆಯವನು ಎಚ್ಚರವಾಗಿದ್ದಾನೆ. ಆನೆ ಕಂಡರೆ ಅವನು ಹೇಳುತ್ತಾನೆ. ಆ ನಂಬಿಕೆಯ ಮೇಲೇ ನಾವು ಕತ್ತಲಲ್ಲಿ ಕೂರುವುದು.

ಹೊಲದ ಕೆಳಗೆ ದೊಡ್ಡ ಬಂಡೆಯೊಂದರ ಪಕ್ಕ ಟೆಂಟ್ ಹಾಕಿ ಬೆಂಕಿ ಹಚ್ಚಿದೆವು. ಕತ್ತಲಾದ ಮೇಲೆ ಕೂಗಿದೆ. "ಭಾವೋ... ಇದ್ದೀರಾ?"

"ಇವ್ನಿ ಕಣ್ಲಾ ಮಾದೇವಾ..."

ಬೀಡಿ ಸೇದಿ ಒಡೆದ ಭಾವನ ಅದೇ ಗಂಟಲು. ಕೂಗಿದಾಗಲೆಲ್ಲ ನನ್ನ ಹೆಸರು ಹಿಡಿದು ಓಗೊಟ್ಟಿತು. ನಾನು ನಿಶ್ಚಿಂತೆಯಿಂದ ಬೆಂಕಿಗೆ ಸೌದೆ ಹಾಕುತ್ತಾ ಕೂತೆ.

ಮತ್ತೆ ಯಾವಾಗಲೋ ಜೀರುಂಡೆಗಳು ಒಮ್ಮೆಗೇ ಸುಮ್ಮನಾದವು. ಹಸಿ ಲದ್ದಿಯ ವಾಸನೆ... ಎಲ್ಲೋ ಬಿದಿರು ಲಟಕ್ಕೆಂದಿತು. ನಾನು ಬಾಯಿ ತೆರೆಯುವ ಮೊದಲೇ ಭಾವನ ದನಿ ಬಂತು. ಅಟ್ಟಣೆಯಿಂದಲ್ಲ... ನನ್ನ ಬೆನ್ನ ಹಿಂದಿನಿಂದ.

"ಬಂಡೆ ಅತ್ತಲಾ! ಅವನ್ನೂ ಅತ್ಸು!"

ಥಾಮಸ್ ಆಗಲೇ ಟೆಂಟಿನಿಂದ ಹೊರಬಿದ್ದಿದ್ದ. ಇಬ್ಬರೂ ಬಂಡೆ ಹತ್ತಿ ಉಸಿರು ಬಿಗಿಹಿಡಿದೆವು. ಕೆಳಗೆ ಆನೆ ಹಿಂಡು ಹಾದುಹೋಯಿತು. ಟೆಂಟ್ ಹರಿಯುವ ಸದ್ದು... ಬೆಂಕಿ ತುಳಿದ ಕಮಟು ಹೊಗೆ...

"ಅಲ್ಲಾಡಬ್ಯಾಡಿ... ಅಲ್ಲೇ ಇರಿ..." ಎಂದು ಆ ದನಿ ಮೆಲ್ಲಗೆ ಹೇಳುತ್ತಲೇ ಇತ್ತು.

ಬೆಳಗಾದ ಮೇಲೆ ಅಟ್ಟಣೆಗೆ ಹೋದರೆ ಭಾವ ಇಲ್ಲ. ಕೆಳಗೆ ಜೋಡಿಸಿದ್ದ ಸೌದೆ ಒಂದೂ ಉರಿದಿರಲಿಲ್ಲ. ಏಣಿಗೆ ಅಡ್ಡಲಾಗಿ ಜೇಡರ ಬಲೆ, ಅದರ ತುಂಬ ಇಬ್ಬನಿ.

ಭಾವ ಮನೆಯ ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಥಾಮಸ್ ಓಡಿಹೋಗಿ ಅವನ ಎರಡೂ ಕೈ ಹಿಡಿದು, ಜೀವ ಉಳಿಸಿದೆ ಎಂದು ಕಣ್ಣೀರಿಟ್ಟ. ತನ್ನ ಟಾರ್ಚನ್ನೇ ಕೊಟ್ಟುಬಿಟ್ಟ. ಭಾವ ನನ್ನ ಮುಖ ನೋಡದೆ ಅದನ್ನು ಇಸಿದುಕೊಂಡ.

ಒಳಗೆ ಅಕ್ಕ ಪಿಸುಗುಟ್ಟಿದಳು. "ಇದ್ಯಾಕ್ಲಾ ಅವ್ನು ಅಳಾದು? ಇವ್ರು ಒತ್ತು ಮುಳುಗೋಕ್ ಮುಂಚೇನೇ ಓಡ್ಬಂದು ಬಾಗ್ಲಾಕ್ಕೊಂಡ್ರಲ್ಲಾ!"

ಭಾವನನ್ನು ಹಿತ್ತಿಲಿಗೆ ಕರೆದು ಕೇಳಿದೆ.

"ಗುಡ್ಡದಿಂದ ಇಂಡು ಇಳಿಯಾದ ಕಂಡೆ ಕಣ್ಲಾ... ಬುಟ್ಟು ಓಡ್ಬಂದೆ."

"ನಂಗೊಂದು ಕೂಗು ಆಕ್ಬೋದಿತ್ತಲ್ಲ, ಭಾವ?"

"ಕೂಗುದ್ರೆ ನನ್ ಕಡೀಕೇ ತಿರುಗ್ತಿದ್ವು."

ಅಷ್ಟೇ ಅಂದ. ನನ್ನ ಅಕ್ಕನ ಕೈ ಹಿಡಿದವನು, ನನ್ನನ್ನು ಎತ್ತಿ ಆಡಿಸಿದವನು.

"ಅಂಗಾರೆ ರಾತ್ರಿಯೆಲ್ಲಾ ನಂಗೆ ಓಗೊಟ್ಟಿದ್ದು ಯಾರು?" ಎಂದೆ. ಭಾವನ ಕೈಯಲ್ಲಿದ್ದ ಟಾರ್ಚ್ ಕೆಳಗೆ ಬಿತ್ತು.

ಅಕ್ಕನ ಮುಖ ನೋಡಿಕೊಂಡು ಈಗಲೂ ರಾಗಿ ಕಾವಲಿಗೆ ಹೋಗುತ್ತೇನೆ. ಭಾವ ಅಟ್ಟಣೆ ಹತ್ತುತ್ತಾನೆ, ನಾನು ಕೆಳಗೆ ಬೆಂಕಿಯ ಹತ್ತಿರ. ಕತ್ತಲಲ್ಲಿ "ಇವ್ನಿ ಕಣ್ಲಾ ಮಾದೇವಾ..." ಎಂದು ದನಿ ಬಂದಾಗ ಕಿವಿಗೊಟ್ಟು ಕೇಳುತ್ತೇನೆ... ಆ ರಾತ್ರಿಯ ದನಿಯಾದರೆ ನಿಶ್ಚಿಂತೆ. ಭಾವನೇ ಕೂಗಿದ್ದು ಎನ್ನಿಸಿದರೆ ಸಾಕು, ಎದ್ದು ಬಂಡೆ ಹತ್ತಿಬಿಡುತ್ತೇನೆ.