ಕೆರೆ ಮೇಷ್ಟ್ರ ನಾಲ್ಕು ತಪ್ಪು ಚೀಟಿಗಳು

ಕೆರೆ ಮೇಷ್ಟ್ರು ಕೆರೆಯ ಮುಖ ನೋಡಿ ಒಂಬತ್ತು ವರ್ಷ ಹನ್ನೊಂದು ತಿಂಗಳಾಗಿತ್ತು. ಹೆಸರು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಕಾಲದಲ್ಲಿ ಅವರು ಏಳನೇ ಕ್ಲಾಸಿನ ಮಕ್ಕಳನ್ನು ಶಾಲೆಯ ಹಿಂದಿದ್ದ ಕೆರೆಗೆ ಸಾಲಾಗಿ ಕರೆದೊಯ್ದು, ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ಮೊಗೆಸಿ, ಅದರಲ್ಲಿ ಎಷ್ಟು ಬಗೆಯ ಹುಳಗಳಿವೆ ಎಂದು ಲೆಕ್ಕ ಹಾಕಿಸುತ್ತಿದ್ದರು. ವಾಪಸು ಬರುವಾಗ ಅರ್ಧ ಕ್ಲಾಸಿನ ಪಾದಗಳು ಕೆಸರಾಗಿರುತ್ತಿದ್ದವು, ಹೆಡ್‌ಮಾಸ್ಟರರ ಮುಖ ಗಂಟಾಗಿರುತ್ತಿತ್ತು.

ಈಗ ಅವರು ಕೂರುತ್ತಿದ್ದದ್ದು ಶಿಕ್ಷಣ ಇಲಾಖೆಯ ಮೂರನೇ ಮಹಡಿಯಲ್ಲಿ. ಅಲ್ಲಿ ಇಲಾಖೆಯವರು ಪರಿಸರ ವಿಜ್ಞಾನಕ್ಕೆಂದೇ ಒಂದು ಡಿಜಿಟಲ್ ಲೈಬ್ರರಿ ಮಾಡಿದ್ದರು. ಮಕ್ಕಳಿಗೂ ಟೀಚರುಗಳಿಗೂ ಬೇಕಾದ ವಿಡಿಯೊ, ಚಿತ್ರ, ಪಾಠ, ಪ್ರಯೋಗ ಎಲ್ಲ ಸೇರಿ ಆರು ಸಾವಿರ. ಗಾಳಿಯ ಬಗ್ಗೆಯೇ ನಾನೂರು ಪಾಠಗಳಿದ್ದ ಆ ರೂಮಿಗೆ ಗಾಳಿ ಬರುತ್ತಿರಲಿಲ್ಲ. ಎ.ಸಿ. ತಂಪು ಹೊರಗೆ ಹೋಗದಿರಲೆಂದು ಕಿಟಕಿಗೆ ಹಲಗೆ ಹೊಡೆದಿದ್ದರು. ಎ.ಸಿ. ಕೆಟ್ಟು ಎರಡು ವರ್ಷವಾಗಿತ್ತು. ಹಲಗೆ ಗಟ್ಟಿಯಾಗಿತ್ತು.

ಯಾವ ಪಾಠ ಯಾವ ಕ್ಲಾಸಿಗೆ ಹೊಂದುತ್ತದೆ ಎಂದು ಹೇಳಲು ಪಾಠ ಮಾಡಿ ಪಳಗಿದವರೊಬ್ಬರು ಬೇಕೆಂದು, ಸ್ವಲ್ಪ ದಿನದ ಮಟ್ಟಿಗೆ ಅವರನ್ನು ಕರೆಸಿಕೊಂಡಿದ್ದರು. ತಪ್ಪಾದದ್ದು ಅಲ್ಲೇ, ಮೇಷ್ಟ್ರು ಆ ಕೆಲಸವನ್ನು ಚೆನ್ನಾಗಿ ಮಾಡಿಬಿಟ್ಟರು. ಲೈಬ್ರರಿಗೆ ಸೇರುವ ಪ್ರತಿಯೊಂದಕ್ಕೂ ಒಂದು ಚೀಟಿ ಬರೆಯಬೇಕು. ಯಾವ ಕ್ಲಾಸು, ಏನೇನು ಸಾಮಾನು, ಎಷ್ಟು ಹೊತ್ತು. ಬೇರೆಯವರಾಗಿದ್ದರೆ ನೋಡಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಮೇಷ್ಟ್ರು ಪ್ರತಿ ಪ್ರಯೋಗವನ್ನೂ ತಮ್ಮ ಮೇಜಿನ ಮೇಲೆ ಮಾಡಿಯೇ ಬರೆಯುತ್ತಿದ್ದರು. ಕೀಬೋರ್ಡಿನ ಪಕ್ಕ ಒದ್ದೆ ಹತ್ತಿಯಲ್ಲಿ ಕಾಳು ಮೊಳೆಯುತ್ತಿತ್ತು, ಪ್ರಿಂಟರಿನ ಮೇಲೆ ಎಣ್ಣೆ ಸವರಿದ ಗಾಜು ಧೂಳು ಹಿಡಿಯುತ್ತಿತ್ತು. "ಹಿಂದಿನ ಬೆಂಚಿನವರಿಗೆ ಕಾಣುವುದಿಲ್ಲ, ಎತ್ತಿ ಹಿಡಿಯಿರಿ", "ಮಕ್ಕಳು ಸುಮ್ಮನಾಗಲು ಹತ್ತು ನಿಮಿಷ ಸೇರಿಸಿಕೊಳ್ಳಿ" ಎಂದೆಲ್ಲ ಚೀಟಿಯಲ್ಲಿ ಬರೆಯುತ್ತಿದ್ದರು. ಕಂಡು ಕೇಳರಿಯದ ಊರುಗಳ ಟೀಚರುಗಳು ಆ ಚೀಟಿ ನಂಬಿಕೊಂಡು ಕ್ಲಾಸಿಗೆ ಹೋಗುತ್ತಿದ್ದರು.

ನಿರ್ದೇಶಕಿ ಒಳ್ಳೆಯ ಹೆಂಗಸು. ಕೆಟ್ಟವರಾಗಿದ್ದರೆ ಜಗಳವಾಡಿಯಾದರೂ ಹೋಗಬಹುದಿತ್ತು. ಪ್ರತಿ ವರ್ಷ ಮೇಷ್ಟ್ರು ಶಾಲೆಗೆ ವಾಪಸು ಕಳಿಸಿ ಎಂಬ ಅರ್ಜಿ ಹಿಡಿದು ನಿಂತರೆ, ಕೂರಿಸಿ ಟೀ ತರಿಸಿ, ನಿಮ್ಮನ್ನು ಬಿಟ್ಟರೆ ಈ ಲೈಬ್ರರಿಗೆ ಗತಿ ಯಾರು ಎಂದು ಕೇಳುತ್ತಿದ್ದರು. ಹೊಗಳಿಕೆಗೆ ಎದುರಾಡುವುದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಟೀ ಕುಡಿದು ವಾಪಸು ಬರುತ್ತಿದ್ದರು.

ಈ ಸಲ ಮಾತ್ರ ಟೀ ಗಂಟಲಲ್ಲಿ ಇಳಿಯಲಿಲ್ಲ. ಹತ್ತು ವರ್ಷ ಕ್ಲಾಸಿನಿಂದ ಹೊರಗಿದ್ದವರನ್ನು ಇಲಾಖೆ ಕಚೇರಿ ಸಿಬ್ಬಂದಿಗೆ ಸೇರಿಸಿಬಿಡುತ್ತದೆ. ಆಮೇಲೆ ಜಪ್ಪಯ್ಯ ಎಂದರೂ ಶಾಲೆಗೆ ಹೋಗುವ ಹಾಗಿಲ್ಲ. ತಿಂಗಳ ಕೊನೆಗೆ ಹತ್ತು ವರ್ಷ ತುಂಬುತ್ತಿತ್ತು. ಅದಕ್ಕೆ ಮೊದಲು ಬಿಡುಗಡೆಯಾಗಲು ನಿರ್ದೇಶಕಿಯ ಒಂದು ಸಹಿ ಸಾಕಿತ್ತು.

ಬದಲಿಗೆ ಆಳು ಇರಲಿಲ್ಲವೇ, ಇತ್ತು. ಐದನೇ ಕ್ಲಾಸಿಗೆ ಪಾಠ ಮಾಡುತ್ತಿದ್ದ ಒಬ್ಬ ಟೀಚರನ್ನು ಶಾಲೆ ಬಿಡಿಸಿ ಕಳಿಸಿದ್ದರು. ಎಲ್ಲರೂ ಅವಳನ್ನು ಹೊಸ ಟೀಚರ್ ಎನ್ನುತ್ತಿದ್ದರು. ಚುರುಕಾದವಳು, ನಾಲ್ಕು ತಿಂಗಳಲ್ಲಿ ಕೆಲಸ ಕಲಿತಿದ್ದಳು. ಗಡಿಯಾರ ನೋಡಿದಾಗೆಲ್ಲ, ಈಗ ನಮ್ಮಲ್ಲಿ ನಾಲ್ಕನೇ ಪಿರಿಯಡ್ ಸರ್, ಡ್ರಾಯಿಂಗ್, ಎಂದು ಬಾಯಲ್ಲಿ ಬಂದುಬಿಡುತ್ತಿತ್ತು. ಅವಳಿಗೆ ಪ್ರತ್ಯೇಕ ಪಾಸ್‌ವರ್ಡ್ ಕೊಡುವ ಕಡತ ಯಾವ ಮೇಜಿನಲ್ಲಿ ಮಲಗಿತ್ತೋ, ಇಬ್ಬರೂ ಮೇಷ್ಟ್ರ ಪಾಸ್‌ವರ್ಡಿನಲ್ಲೇ ಬರೆಯುತ್ತಿದ್ದರು. ಯಾವುದು ಯಾರ ಚೀಟಿ ಎಂದು ಬರೆದವರಿಗಲ್ಲದೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಇಷ್ಟಿದ್ದರೂ ನಿರ್ದೇಶಕಿ, ಅವಳ ಕೈ ಇನ್ನೂ ಪಳಗಲಿ, ಎನ್ನುತ್ತಿದ್ದರು.

ದಾರಿ ತೋರಿಸಿದ್ದು ಹೆಂಡತಿ. ಬಟ್ಟೆ ಹೊಲಿಯುವ ಕೆಲಸ ಅವಳದು, ಮಾತೂ ಕತ್ತರಿಯಂತೆಯೇ.

"ಚೆನ್ನಾಗಿ ಮಾಡೋವರೆಗೂ ನಿಮ್ಮನ್ನ ಯಾರು ಬಿಡ್ತಾರೆ?" ಎಂದಳು, ಗುಂಡಿ ಹೊಲಿಯುತ್ತಾ. "ನಾಲ್ಕು ಕಡೆ ಕೆಡಿಸಿ. ಅವರೇ ಹೋಗಪ್ಪ ಅಂತಾರೆ."

ಮೇಷ್ಟ್ರು ನಕ್ಕರು. ಆ ಮಾತು ಮಾತ್ರ ಮರುದಿನ ಆಫೀಸಿಗೂ ಅವರ ಜೊತೆಯಲ್ಲೇ ಬಂತು. ತಪ್ಪು ಮಾಡುವ ಮುದುಕ ಒಬ್ಬ, ಪಕ್ಕದಲ್ಲೇ ತಪ್ಪು ಮಾಡದ ಹೊಸಬಳು ಒಬ್ಬಳು. ಯಾರನ್ನು ಇಟ್ಟುಕೊಳ್ಳುತ್ತಾರೆ? ಆ ವಾರ ಅವರು ತಮ್ಮ ಪಾಲಿನ ಚೀಟಿಗಳಲ್ಲಿ ನಾಲ್ಕನ್ನು ಕೆಡಿಸಿದರು. ಒಂದರಲ್ಲಿ ರಾಡಿ ನೀರಿಗೆ ಪಟಿಕ ಹಾಕಿ ತಿಳಿ ಮಾಡುವ ಪ್ರಯೋಗ. ಪಟಿಕ ಕಲಕಿದ ನೀರನ್ನು ಅಲುಗಿಸದೆ ನಲವತ್ತು ನಿಮಿಷ ಇಡಬೇಕು. ಐದು ನಿಮಿಷ ಎಂದು ಬರೆದರು. ಒಂಬತ್ತು ವರ್ಷದಲ್ಲಿ ಬರೆದ ಮೊದಲ ಸುಳ್ಳು ಅದು.

ಎರಡು ವಾರದಲ್ಲಿ ದೂರುಗಳು ಬರತೊಡಗಿದವು. ನಿರ್ದೇಶಕಿ ಮೇಷ್ಟ್ರನ್ನು ಕರೆದು, ಬೇಜಾರಿನಿಂದ, ಹೊಸ ಟೀಚರ್ ಚೀಟಿಗಳನ್ನು ನೀವು ಒಮ್ಮೆ ನೋಡಿಯೇ ಬಿಡಬೇಕಿತ್ತು ಎಂದರು. ಮೇಷ್ಟ್ರು ಬೆಪ್ಪಾದರು. ತಪ್ಪು ಕಂಡರೆ ಅದು ತಮ್ಮದೆಂದು ಯಾರಿಗೂ ಹೊಳೆಯುವುದೇ ಇಲ್ಲ ಎಂಬುದು ಅವರ ಲೆಕ್ಕದಲ್ಲಿ ಇರಲಿಲ್ಲ. ಆಗಲೇ ಹೇಳಬೇಕಿತ್ತು. ಹೇಳದೆ ವಾಪಸು ಬಂದರು.

ಮಾರನೆಯ ದಿನ ಮಧ್ಯಾಹ್ನ ಫೋನು ಬಂತು. ಎತ್ತಿದ್ದು ಮೇಷ್ಟ್ರೇ. ಆ ಕಡೆ ಎಳೆಯ ದನಿ, ಕೆಲಸಕ್ಕೆ ಸೇರಿ ಎರಡು ತಿಂಗಳಾದ ಟೀಚರ್.

"ಪಟಿಕದ ಪ್ರಯೋಗ ಮಾಡಿದೆ ಸರ್. ನೀರು ಕೊನೆವರೆಗೂ ರಾಡಿಯಾಗೇ ಇತ್ತು, ಮಕ್ಕಳೆಲ್ಲ ನಕ್ಕುಬಿಟ್ರು. ನಿಮ್ಮ ಚೀಟಿ ತಪ್ಪಿರಲ್ಲ. ನಾನೇ ಎಲ್ಲೋ ಎಡವಿದೀನಿ, ಎಲ್ಲಿ ಅಂತ ಹೇಳ್ತೀರಾ?"

ಮೇಷ್ಟ್ರಿಗೆ ನಾಚಿಕೆಯಾಯಿತು, ಕೂತ ಕುರ್ಚಿಯ ಸಮೇತ ನೆಲದೊಳಗೆ ಇಳಿದುಹೋಗಬೇಕು ಅನ್ನಿಸುವಷ್ಟು. ತಪ್ಪು ನಿಮ್ಮದಲ್ಲ ತಾಯಿ, ಚೀಟಿಯದೇ, ನಲವತ್ತು ನಿಮಿಷ ಬೇಕು, ಎಂದು ಹೇಳಿ ಫೋನಿಟ್ಟವರು ಸೀದಾ ನಿರ್ದೇಶಕಿಯ ರೂಮಿಗೆ ಹೋದರು. ಕೂರಿ ಎಂದರೂ ಕೂರದೆ, ನಾಲ್ಕೂ ಚೀಟಿ ನನ್ನವು, ಬೇಕೆಂದೇ ಕೆಡಿಸಿದೆ, ನನ್ನನ್ನು ಕಳಿಸಿಬಿಡಲಿ ಎಂದು, ಅಂತ ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ಹತ್ತು ವರ್ಷದ ಭಾರ ಇಳಿದ ಹಾಗಾಯಿತು. ಇನ್ನೇನು, ಬೈದು ಕಳಿಸುತ್ತಾರೆ. ಬೈಯಲಿ, ಕಳಿಸಿದರೆ ಸಾಕು.

ನಿರ್ದೇಶಕಿ ಬೈಯಲಿಲ್ಲ. ಅವರ ಕಣ್ಣು ತುಂಬಿತು.

"ಆ ಹುಡುಗೀನ ಉಳಿಸೋಕೆ ನಿಮ್ಮ ತಲೆ ಮೇಲೆ ಹಾಕ್ಕೊಳ್ತಾ ಇದೀರಲ್ಲ ಮೇಷ್ಟ್ರೇ. ನೀವು ಬೇಕಂತ ಒಂದು ಮಗೂಗೆ ತಪ್ಪು ಹೇಳಿಕೊಡ್ತೀರಾ? ಇದನ್ನ ನಾನು ನಂಬಬೇಕಾ?"

ಎಷ್ಟು ಹೇಳಿದರೂ ಅಷ್ಟೇ. ಹೇಳಿದಷ್ಟೂ ಮೇಷ್ಟ್ರು ನಿರ್ದೇಶಕಿಯ ಕಣ್ಣಿಗೆ ದೊಡ್ಡ ಮನುಷ್ಯರಾಗುತ್ತಾ ಹೋದರು. ಕೊನೆಗೆ ಮೇಷ್ಟ್ರು, ಅವಳನ್ನೇ ಕರೆದು ಕೇಳಿ, ಎಂದರು. ಯಾವ ಚೀಟಿ ಯಾರದು ಎಂದು ತಿಳಿದಿರುವ ಇನ್ನೊಬ್ಬಳು ಅವಳೇ. ಸುಳ್ಳು ಆರೋಪ ಯಾರು ತಾನೇ ಹೊತ್ತುಕೊಳ್ಳುತ್ತಾರೆ?

ಹೊಸ ಟೀಚರ್ ಬಂದಳು. ನಿರ್ದೇಶಕಿ ನಾಲ್ಕೂ ಚೀಟಿಗಳ ಪ್ರಿಂಟನ್ನು ಮುಂದಿಟ್ಟು, ಇವು ಸರಿಯಿಲ್ಲದಿದ್ದರೆ ನಿನ್ನನ್ನು ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಶಾಲೆಗೇ ವಾಪಸು ಕಳಿಸಬೇಕಾಗುತ್ತದೆ, ನಿಜ ಹೇಳು, ಬರೆದದ್ದು ಯಾರು ಎಂದು ಮೆತ್ತಗೆ ಕೇಳಿದರು.

ಅವಳು ಮೊದಲನೆಯದನ್ನು ಓದಿದಳು. ಎರಡನೆಯದನ್ನು ಓದಿದಳು. ನಾಲ್ಕನ್ನೂ ಓದಿ ಒಂದರ ಮೇಲೊಂದು ಜೋಡಿಸಿದಳು. ಮೇಷ್ಟ್ರ ಕಡೆ ನೋಡಲಿಲ್ಲ.

"ನನ್ನವೇ ಮೇಡಂ," ಎಂದಳು.

ಮೇಷ್ಟ್ರು ಏನು ಹೇಳಿದರೂ ಅದು ಈಗ ಇನ್ನಷ್ಟು ಒಳ್ಳೆಯತನವಾಗಿಯೇ ಕಾಣುತ್ತಿತ್ತು. ನಿರ್ದೇಶಕಿ ಪೆನ್ನು ತೆಗೆದುಕೊಂಡು, ಈ ಕೆಲಸಕ್ಕೆ ಹೊಂದುವುದಿಲ್ಲ ಎಂದು ಎರಡು ಸಾಲು ಬರೆದು ಸಹಿ ಹಾಕಿದರು. ಅಷ್ಟು ದಿನದಿಂದ ಮೇಷ್ಟ್ರು ಕಾದಿದ್ದ ಸಹಿ ಅದು. ಬರೆಯಲು ಒಂದು ಕ್ಷಣವೂ ಹಿಡಿಯಲಿಲ್ಲ.

ಅವಳು ಕಾರಿಡಾರಿನಲ್ಲಿ ಕಾಗದ ಹಿಡಿದು ನಿಂತಿದ್ದಳು.

"ತಪ್ಪು ತಿಳ್ಕೋಬೇಡಿ ಸರ್. ನೀವು ಹೋಗಿದ್ರೆ ಆ ಕುರ್ಚೀಲಿ ನಾನು ಕೂರಬೇಕಾಗಿತ್ತು."

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಟ್ಟೆಕಿಚ್ಚು ಬಂತು, ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳ ಜಾಗದಲ್ಲಿ ತಾವಿದ್ದರೂ ಅದನ್ನೇ ಹೇಳುತ್ತಿದ್ದರು. ಕೊನೇ ಪಿರಿಯಡ್‌ಗೆ ಮೊದಲೇ ಹೋಗಿ ಸೇರಿಕೊಳ್ಳಿ, ಎಂದಷ್ಟೇ ಅಂದರು. ಅವಳು ಮೆಟ್ಟಿಲು ಇಳಿದುಹೋದಳು, ಎರಡೆರಡು ಮೆಟ್ಟಿಲು ಒಟ್ಟಿಗೆ.

ಅವರು ರೂಮಿಗೆ ಬಂದು ನಾಲ್ಕು ಚೀಟಿಗಳನ್ನು ತೆರೆದರು. ನಾಳೆ ಎಲ್ಲೋ ಒಬ್ಬರು ಅವುಗಳನ್ನು ನಂಬಿ ಕ್ಲಾಸಿಗೆ ಹೋಗುವವರಿದ್ದರು. ಸಂಜೆಯ ಹೊತ್ತಿಗೆ ನಾಲ್ಕೂ ಸರಿಯಾದವು, ಮೊದಲು ಬರೆಯಬೇಕಿದ್ದದ್ದಕ್ಕಿಂತ ಚೆನ್ನಾಗಿಯೇ.