ಟವೆಲಿನ ಕೆಳಗಿನ ಪಿಪಿಎಫ್

ಗೆಳೆಯರೇ, ಅರಸೀಕೆರೆಯಲ್ಲಿ ಕೊಬ್ಬರಿಗೆ ದರ ಕಟ್ಟುವುದು ಮಾರುಕಟ್ಟೆಯಲ್ಲ, ನಾನು. ದೆಹಲಿಯ ಹಣಕಾಸು ಮಂತ್ರಿಗಳೂ ಬಜೆಟ್ ಮಂಡಿಸುವ ಮೊದಲು ನನಗೊಂದು ಫೋನ್ ಮಾಡುತ್ತಾರೆ. ಅಂಥ ನನಗೆ ಇಂದು ಬೆಳಿಗ್ಗೆ ಹೊಟ್ಟೆ ಉರಿಸಿದವನು ನನ್ನ ಷಡ್ಡಕ, ಹಗರೆಯ ಮೇಷ್ಟ್ರು.

ಅವನು ಹದಿನೈದು ವರ್ಷ ಪಿಪಿಎಫ್ ಖಾತೆಗೆ ದುಡ್ಡು ಕಟ್ಟಿದ. ‘ಬೇಕಾದಾಗ ತೆಗೆಯೋಕಾಗದ್ದು ದುಡ್ಡೇನ್ಲಾ?’ ಎಂದು ನಗುತ್ತಿದ್ದ ನಾನು ಬಾಣಾವರದ ಒಬ್ಬನ ಹತ್ತಿರ ಚೀಟಿ ಹಾಕಿದೆ. ಆ ಪುಣ್ಯಾತ್ಮ ಓಡಿಹೋದ. ಷಡ್ಡಕನ ಖಾತೆಯ ಅವಧಿ ಮುಗಿದು ಹಣ ಕೈಗೆ ಬಂದಿದೆ, ಲಾಡು ಹಿಡಿದು ನಮ್ಮನೆಗೆ ಬಂದಿದ್ದ.

‘ಕಟ್ಟಿದ್ದಕ್ಕೂ ತೆರಿಗೆ ಉಳೀತು, ಬಡ್ಡಿಗೂ ತೆರಿಗೆ ಇಲ್ಲ ಕಣಯ್ಯ.’

‘ಎಷ್ಟು ಬಂತ್ಲಾ?’

ಕೊಬ್ಬರಿ ವ್ಯಾಪಾರಿಯಾಗಿದ್ದ ನಮ್ಮ ಮಾವ ಗುಟ್ಟಾಗಿ ದರ ಹೇಳಲು ಕಲಿಸಿದಂತೆ, ಅವನು ನನ್ನ ಕೈ ಮೇಲೆ ಟವೆಲ್ ಹೊದಿಸಿ ಒಳಗೆ ಬೆರಳು ಒತ್ತಿ ಲೆಕ್ಕ ಹೇಳಿದ. ಒತ್ತುತ್ತಲೇ ಹೋದ. ಬೆರಳಿಗಿಂತ ಹೊಟ್ಟೆಯೇ ಹೆಚ್ಚು ನೋಯಿತು.

‘ಇದ್ಯಾವ ಮಹಾ! ನಾನು ಚೀಟೀಲಿ ಕಳಕೊಂಡಿದ್ದೇ ಇದಕ್ಕಿಂತ ಜಾಸ್ತಿ ಐತೆ!’ ಎಂದುಬಿಟ್ಟೆ.

ಅಡುಗೆಮನೆಯಲ್ಲಿ ಒಗ್ಗರಣೆ ಸದ್ದು ನಿಂತಿತು.

‘ಏನೋ ಚಿಲ್ಲರೆ ಹೋಯ್ತು ಅಂದಿದ್ರಲ್ರೀ?’ ಎನ್ನುತ್ತಾ ಹೆಂಡತಿ ಹೊರಬಂದಳು. ಷಡ್ಡಕನಿಂದ ಟವೆಲ್ ಕಿತ್ತುಕೊಂಡು ನನ್ನ ಬಲಗೈ ಮೇಲೆ ಹಾಕಿ, ಒಳಗೆ ತನ್ನ ಕೈ ಇಟ್ಟಳು. ‘ನಾನೂ ಕೊಬ್ಬರಿ ವ್ಯಾಪಾರಿ ಮಗಳೇ ಕಣ್ರೀ. ಎಷ್ಟು ಹೋಯ್ತು ಅಂತ ಒತ್ತಿ, ನೋಡೋಣ.’

ಸಂಜೆಯಾಯಿತು. ಟವೆಲಿನೊಳಗೆ ನನ್ನ ಮುಷ್ಟಿ ಇನ್ನೂ ಬಿಚ್ಚಿಲ್ಲ. ಇಷ್ಟನ್ನೂ ಎಡಗೈಯಲ್ಲೇ ಟೈಪ್ ಮಾಡಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.