ಗೆರೆ ಇಲ್ಲದ ಹೆಬ್ಬೆಟ್ಟು

ಗಂಜಿಯಕ್ಕನಿಗೆ ಸಿಟ್ಟು ಬಂದಿದೆ ಎಂಬುದು ಹೊಳೆಯ ಆಚೆ ದಡದಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಬೇರೆ ದಿನ ಪಟ್, ಪಟ್ ಎಂದು ಒಂದೇ ಹದದಲ್ಲಿ ಕಲ್ಲಿಗೆ ಬೀಳುವ ಚಾದರ ಅಂದು ಯಾರದೋ ಬೆನ್ನಿಗೆ ಬಿದ್ದ ಹಾಗೆ ಬೀಳುತ್ತಿತ್ತು. "ಇವತ್ತು ಯಾರ ಗ್ರಹಚಾರವೋ" ಎಂದು ಪಕ್ಕದ ಕಲ್ಲಿನವರು ನಾಲ್ಕು ಹೆಜ್ಜೆ ಸರಿದು ನಿಲ್ಲುತ್ತಿದ್ದರು. ಅವಳು ಗಂಜಿ ಹಾಕಿದ ಅಂಗಿ ಮೈಯಿಲ್ಲದೆಯೂ ಎದ್ದು ನಿಲ್ಲುತ್ತಿತ್ತು. ಹೆಸರು ಬಂದದ್ದು ಅದರಿಂದ. ಅವಳ ಬೆನ್ನೂ ಅಷ್ಟೇ, ಎಪ್ಪತ್ತಾದರೂ ಬಾಗಿರಲಿಲ್ಲ.

ಹದಿನಾರಕ್ಕೆ ಮದುವೆಯಾಗಿ ಬಂದ ದಿನ ಅತ್ತೆ ಅವಳಿಗೆ ಮೊದಲು ತೋರಿಸಿದ್ದು ಒಲೆಯನ್ನಲ್ಲ, ಕಲ್ಲನ್ನು. ಹೊಳೆಯ ಮೆಟ್ಟಿಲಿನ ಎಡಕ್ಕೆ ನಾಲ್ಕನೆಯದು. ನಡುವೆ ತಗ್ಗಾಗಿ, ಮಗುವಿನ ಕೆನ್ನೆಯ ಹಾಗೆ ನುಣುಪಾಗಿತ್ತು. "ನನ್ನ ಅತ್ತೆಗೂ ಅತ್ತೆಯಾದವಳು ನಿಂತಿದ್ದ ಜಾಗ ಕಣೇ ಇದು. ಈ ತಗ್ಗು ಮಾಡಿದ್ದು ನೀರಲ್ಲ, ನಾವು" ಎಂದಿದ್ದಳು ಅತ್ತೆ. ಗಂಡ ಜ್ವರದಲ್ಲಿ ಹೋದಾಗ ಗಂಜಿಯಕ್ಕನಿಗೆ ಇಪ್ಪತ್ತೊಂಬತ್ತು. ಮುಂದಿನ ವಾರವೇ ಅವಳು ಕಲ್ಲಿನ ಮುಂದೆ ನಿಂತಿದ್ದಳು. ಒಗೆಯಲು ಬರುವ ಆಸ್ಪತ್ರೆಯ ಚಾದರಗಳು ಅಳು ಮುಗಿಯಲಿ ಎಂದು ಕಾಯುವುದಿಲ್ಲ.

ಅಷ್ಟರಲ್ಲಿ ನಾದಿನಿಯೂ ಗಂಡನ ಮನೆ ಬಿಟ್ಟು ಬಂದಳು. ಒಂದೇ ಕೋಣೆ, ಅರ್ಧ ಇಸ್ತ್ರಿ ಮೇಜಿಗೆ, ಉಳಿದರ್ಧ ಇಬ್ಬರಿಗೆ. ಒಗೆಯುವುದು ಅತ್ತಿಗೆ, ಇಸ್ತ್ರಿ ಮಾಡಿ ಗಂಟು ಒಪ್ಪಿಸುವುದು ನಾದಿನಿ. ಆಸ್ಪತ್ರೆಯ ಉಗ್ರಾಣದ ಪುಸ್ತಕದಲ್ಲಿ ಗಂಟಿಗೊಂದು ಹೆಬ್ಬೆಟ್ಟು ಒತ್ತಬೇಕಿತ್ತು. ಯಾರು ಗಂಟು ಒಯ್ಯುತ್ತಾರೋ ಅವರು ಮನೆಯವರೆಲ್ಲರ ಪರವಾಗಿ ಒತ್ತಿ ಬರುವುದು ಆ ದಂಡೆಯವರ ರೂಢಿ. ಹಾಗಾಗಿ ನಲವತ್ತು ವರ್ಷ ನಾದಿನಿಯ ಹೆಬ್ಬೆಟ್ಟೇ ಇಬ್ಬರದ್ದೂ.

ಗಂಜಿಯಕ್ಕನಿಗೆ ಬರೆಯಲು ಬರುತ್ತಿರಲಿಲ್ಲ. ಓದು ಬಂದದ್ದು ಚಾದರಗಳಿಂದ. ಯಾವ ವಾರ್ಡಿನದು ಎಂದು ಮೂಲೆಯಲ್ಲಿ ಕೆಂಪು ದಾರದಲ್ಲಿ ಹೊಲಿದಿದ್ದ ಅಕ್ಷರಗಳನ್ನು ಒಂದೊಂದಾಗಿ ಕಲಿತಿದ್ದಳು. ಕಲೆ ಹುಡುಕುವವಳ ಹಾಗೆ, ಬೆರಳಿಟ್ಟು, ನಿಧಾನವಾಗಿ ಓದುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಪುರಸಭೆಯವರು ದಂಡೆಯುದ್ದಕ್ಕೂ ಕಬ್ಬಿಣದ ಬೇಲಿ ಹಾಕಿದರು, ಒಂದು ಗೇಟು ಇಟ್ಟರು. ಗುಮಾಸ್ತ ಮರದ ಕೆಳಗೆ ಮೇಜು ಹಾಕಿಕೊಂಡು ಕೂತ. "ಬೇಗ ಬೇಗ ಒತ್ತಿ. ಹೆಬ್ಬೆಟ್ಟು ಇಟ್ಟೋರಿಗೆ ಒಂದು ವರ್ಷದ ಪಾಸು. ಸೋಮವಾರದಿಂದ ಪಾಸಿಲ್ಲದೋರಿಗೆ ಗೇಟು ತೆಗೆಯಲ್ಲ."

ಎಲ್ಲರೂ ಒತ್ತಿದರು. ಓದಲು ಬರುವವರು ಓದುವ ಗೋಜಿಗೆ ಹೋಗಲಿಲ್ಲ. ಗಂಜಿಯಕ್ಕ ಮಾತ್ರ ಕಾಗದ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಮಧ್ಯಾಹ್ನ ಕೂತವಳು ಬಿಸಿಲು ಇಳಿಯುವಾಗ ಎದ್ದಳು.

"ಏನಪ್ಪಾ, ಇದನ್ನ ಬರೆದೋರು ಯಾರು?"

"ಮೇಲಿನೋರು ಬರೆದದ್ದು. ಯಾಕಜ್ಜಿ?"

"ಇಲ್ಲಿ ಏನಿದೆ ಕೇಳು. 'ಈ ದಂಡೆಯನ್ನು ಇದುವರೆಗೆ ಯಾವ ಹಕ್ಕೂ ಇಲ್ಲದೆ ಬಳಸಿದ್ದೇನೆಂದು ಒಪ್ಪಿ, ಪುರಸಭೆಯು ಕೃಪೆಯಿಂದ ಕೊಡುವ, ಬೇಕೆಂದಾಗ ಹಿಂತೆಗೆದುಕೊಳ್ಳಬಹುದಾದ ಅನುಮತಿಯನ್ನು ಬೇಡುತ್ತೇನೆ.' ಕೃಪೆ! ಯಾರ ಕೃಪೆ? ನಿಮ್ಮ ಪುರಸಭೆ ಹುಟ್ಟೋಕೆ ಮೊದಲು ಈ ಹೊಳೆ ಹರೀತಿರಲಿಲ್ವಾ?"

"ಬರೀ ಕಾಗದದ ಮಾತು ಅಜ್ಜಿ. ಯಾರೂ ನಿಮ್ಮ ಕಲ್ಲು ಕಿತ್ತುಕೊಳ್ಳಲ್ಲ."

"ಬರೀ ಮಾತಾದ್ರೆ ಹೊಡೆದು ಹಾಕು ಅದನ್ನ. ಆಗಲ್ಲ ಅಲ್ವಾ? ಉಸಿರಾಡೋಕೂ ನಾಳೆ ಒಂದು ಪಾಸು ತರ್ತೀಯ ನೀನು. ವರ್ಷಕ್ಕೊಂದ್ಸಲ ಬಂದು ಸಾಲಲ್ಲಿ ನಿಂತು, ಸ್ವಾಮಿ ಈ ವರ್ಷಾನೂ ಮೂಗು ಬಿಡ್ತೀರಾ ಅಂತ ಕೇಳ್ಬೇಕಾ ನಾನು? ನನ್ನತ್ತೆ ಕಳ್ಳಿಯಾಗಿದ್ದಳು ಅಂತ ನನ್ನ ಕೈಲೇ ಬರೆಸ್ತೀಯಾ?"

ಕಾಗದವನ್ನು ಮೇಜಿನ ಮೇಲೆ ಬಿಸಾಡಿ ಹೊರಟಳು. ಭಾನುವಾರ ಇಡೀ ದಿನ ಮನೆಯಲ್ಲಿ ಪಾತ್ರೆಗಳು ಸದ್ದು ಮಾಡಿದವು. ನಾದಿನಿ ತಲೆ ತಗ್ಗಿಸಿ ಇಸ್ತ್ರಿ ಮಾಡಿದಳು. ಸೋಮವಾರ ಬೆಳಿಗ್ಗೆ ಸೆರಗಿನ ಗಂಟು ಬಿಚ್ಚಿ ಎರಡು ಪಾಸು ಮೇಜಿನ ಮೇಲಿಟ್ಟಳು.

"ಇದೇನೇ?"

"ನಿಂದೂ ಒತ್ತಿಬಿಟ್ಟೆ ಅತ್ತಿಗೆ. ಯಾವಾಗ್ಲೂ ನಾನೇ ಅಲ್ವಾ ಒತ್ತೋದು..."

ಗಂಜಿಯಕ್ಕ ಮೇಜಿಗೆ ಅಂಗೈ ಬಡಿದಳು. "ಚಾದರದ ಗಂಟಿಗೆ ಒತ್ತು ಅಂದಿದ್ದೆ, ನನ್ನ ಬಾಳಿಗೆ ಒತ್ತು ಅಂದಿದ್ನೇನೇ? ನನಗೆ ಹಕ್ಕಿಲ್ಲ ಅಂತ ಹೇಳೋಕೆ ನಿನಗ್ಯಾರು ಹಕ್ಕು ಕೊಟ್ರು?"

"ನಿನ್ನ ಕಲ್ಲು ಹೋಗಬಾರದು ಅಂತ ಅತ್ತಿಗೆ. ಆ ಕಲ್ಲಿಲ್ಲದೆ ನೀನು ಒಂದು ತಿಂಗಳೂ ಬದುಕಲ್ಲ, ನನಗೆ ಗೊತ್ತಿಲ್ವಾ?" ನಾದಿನಿ ಅತ್ತಳು.

ಅದು ನಿಜ ಎಂಬುದೇ ಗಂಜಿಯಕ್ಕನ ಸಿಟ್ಟನ್ನು ಇಮ್ಮಡಿ ಮಾಡಿತು. ತನ್ನ ಪಾಸು ಎತ್ತಿಕೊಂಡು ನೇರ ಪುರಸಭೆಗೆ ನಡೆದಳು.

ಗುಮಾಸ್ತ ನಕ್ಕ. "ಪಾಸು ಬೇಕು ಅಂತ ಜಗಳ ಮಾಡೋರನ್ನ ನೋಡಿದೀನಿ. ಬೇಡ ಅಂತ ಬಂದೋರು ನೀವೇ ಮೊದಲು. ಹೆಬ್ಬೆಟ್ಟು ನಿಮ್ಮದಲ್ಲ ಅನ್ನೋಕೆ ಸಾಕ್ಷಿ ಏನು?"

"ಆ ಕಾಗದ ತೆಗಿ. ಮಸಿ ಕೊಡು."

ಬಲಗೈ ಹೆಬ್ಬೆಟ್ಟನ್ನು ಮಸಿಗೆ ಅದ್ದಿ, ಕಾಗದದ ಮೇಲಿದ್ದ ಗುರುತಿನ ಪಕ್ಕದಲ್ಲೇ ಒಂದು ಬಿಳಿ ಹಾಳೆಯಿಟ್ಟು ಒತ್ತಿದಳು. ನಾದಿನಿಯ ಗುರುತಿನಲ್ಲಿ ಸುರುಳಿ ಸುರುಳಿಯಾಗಿ ಗೆರೆಗಳಿದ್ದವು. ಗಂಜಿಯಕ್ಕನದು ಬರೀ ಒಂದು ಕಪ್ಪು ಬೊಟ್ಟು. ಗುಮಾಸ್ತ ಇನ್ನೊಮ್ಮೆ ಒತ್ತಿಸಿದ, ಎಡಗೈಯದನ್ನೂ ಒತ್ತಿಸಿದ. ಗೆರೆಯ ಸುಳಿವೇ ಇರಲಿಲ್ಲ.

"ಐವತ್ನಾಲ್ಕು ವರ್ಷ ಬಟ್ಟೆ ಒಗೆಯೋ ಸೋಡಾ ನೀರಲ್ಲಿ, ಆ ಕಲ್ಲಿನ ಮೇಲೆ ಸವೆದು ಹೋಯ್ತು ಅದು" ಎಂದಳು. "ಕಲ್ಲು ನನ್ನಿಂದ ತಗ್ಗಾಯ್ತು, ನಾನು ಕಲ್ಲಿನಿಂದ ನುಣ್ಣಗಾದೆ. ಇದಕ್ಕಿಂತ ದೊಡ್ಡ ಕಾಗದ ನಿನ್ನ ಹತ್ರ ಇದ್ರೆ ತೋರಿಸು. ನಿನ್ನ ಅಂಗಿ ಜೇಬಿನ ಮಸಿ ಕಲೆ ತೆಗೆದ ಬೆರಳೂ ಇದೇ, ನೋಡ್ಕೋ."

ಅಕ್ಕಪಕ್ಕದ ಮೇಜಿನವರು ತಲೆ ಎತ್ತಿದರು. ಗುಮಾಸ್ತನ ಕೈ ಅವನಿಗರಿವಿಲ್ಲದೆ ಜೇಬಿಗೆ ಹೋಯಿತು. ನಗು ಹೋಗಿ, ದನಿ ಇಳಿಯಿತು. "ಅಜ್ಜಿ, ಇದನ್ನ ರದ್ದು ಮಾಡಿದ್ರೆ ಗೇಟೂ ಇಲ್ಲ, ಗೊತ್ತಲ್ಲ?"

"ಗೊತ್ತು. ರದ್ದು ಮಾಡು. ನನ್ನೆದುರೇ ಮಾಡು."

ಅವನು ಅಡ್ಡಗೆರೆ ಎಳೆದು ಮೊಹರು ಹಾಕಿ, ಪಾಸನ್ನು ಹರಿಯುವವರೆಗೂ ಅವಳು ಅಲ್ಲಾಡಲಿಲ್ಲ.

ಮರುದಿನ ತಲೆಯ ಮೇಲೆ ಗಂಟು ಹೊತ್ತು ಗೇಟಿಗೆ ಬಂದಳು. ಕಾವಲುಗಾರ ಕಣ್ಣು ತಪ್ಪಿಸಿ, "ಪಾಸು ತೋರಿಸಮ್ಮಾ" ಎಂದ.

"ನೀನು ಕಾಯ್ತಿರೋದು ಗೇಟನ್ನೋ, ಹೊಳೆಯನ್ನೋ?"

"ಗೇಟು."

"ಹಾಗಾದ್ರೆ ಅದನ್ನ ಚೆನ್ನಾಗಿ ಕಾಯಿ ತಮ್ಮಾ. ತುಕ್ಕು ಹಿಡೀದ ಹಾಗೆ ನೋಡ್ಕೋ."

ಬೇಲಿಯ ಗುಂಟ ನಡೆದು ಸೇತುವೆಯ ಹತ್ತಿರ ಬಂದಳು. ಅಲ್ಲಿ ಬೇಲಿ ಮುಗಿದು ದಡ ಕಡಿದಾಗಿತ್ತು. ಕೂತು, ಜಾರಿ, ನೀರಿಗೆ ಇಳಿದಳು. ಮೊದಲು ಮೊಣಕಾಲು, ಆಮೇಲೆ ಸೊಂಟ. ನೀರು ತಣ್ಣಗೆ ಕೊರೆಯುತ್ತಿತ್ತು. ಒಂದು ಕೈಯಲ್ಲಿ ಗಂಟು ಹಿಡಿದು, ಇನ್ನೊಂದು ಕೈಯನ್ನು ನೀರಿನಲ್ಲಿ ಆಡಿಸುತ್ತ, ಗುಮಾಸ್ತನ ಏಳು ತಲೆಮಾರಿಗೂ ಬೈಗುಳ ಹಂಚುತ್ತ ಮುಂದೆ ಮುಂದೆ ನಡೆದಳು. ದಂಡೆಯ ಮೇಲೆ ಪಾಸಿದ್ದವರ ಕೈ ನಿಂತಿತು. ಒಂದು ಬಟ್ಟೆಯೂ ಕಲ್ಲಿಗೆ ಬೀಳಲಿಲ್ಲ. ಕಾವಲುಗಾರ ಎರಡು ಸಲ ಸೀಟಿ ಬಾಯಿಗಿಟ್ಟು, ಊದದೆ ಕೆಳಗಿಳಿಸಿದ.

ನಾಲ್ಕನೆಯ ಕಲ್ಲಿನ ಹತ್ತಿರ ನಾದಿನಿ ನಿಂತಿದ್ದಳು. ಇಸ್ತ್ರಿ ಬಿಟ್ಟು ಹೊಳೆಗೆ ಬರುವವಳೇ ಅಲ್ಲ ಅವಳು, ಅಂದು ಬಂದಿದ್ದಳು. ಬಾಗಿ ಗಂಟು ಇಸಿದುಕೊಂಡು ಕೈ ಚಾಚಿದಳು.

ಗಂಜಿಯಕ್ಕ ಆ ಕೈಯನ್ನು ಒಂದು ಗಳಿಗೆ ದಿಟ್ಟಿಸಿದಳು. ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು.

"ಎಳಿಯೇ, ಏನು ನೋಡ್ತೀಯಾ" ಎಂದಳು. "ಆದ್ರೆ ಆ ಹೆಬ್ಬೆಟ್ಟನ್ನ ಇನ್ನು ನನ್ನ ಪರವಾಗಿ ಎಲ್ಲಾದ್ರೂ ಇಟ್ಟೆಯೋ, ಇಸ್ತ್ರಿಪೆಟ್ಟಿಗೆ ಕೆಳಗೆ ಇಡ್ತೀನಿ ಅದನ್ನ."

ಹತ್ತಿ, ಸೀರೆ ಹಿಂಡಿಕೊಂಡು, ಮೊದಲ ಚಾದರ ಎತ್ತಿ ಬೀಸಿದಳು. ಆ ಸದ್ದು ಆಚೆ ದಡದವರೆಗೂ ಹೋಯಿತು.